ಯೋಗಿಯ ಕಂಪ್ಯೂಟರು ಜೋಡಿಸಿದ ಮಳೆಗಾಲ

ಹೋದ ವಾರ ಸಿಡಿಲು ಬಡಿದು ನಮ್ಮೂರ ಡೇರಿಯ ಕಂಪ್ಯೂಟರು ಕೆಟ್ಟಿತು. ಹಾಲು ಹಾಕುವವರ ವಿವರವೆಲ್ಲ ಅದರಲ್ಲೇ ಇರುವುದರಿಂದ ತಡಮಾಡದೆ ಮಂಡ್ಯಕ್ಕೆ ಫೋನು ಮಾಡಿದೆ. ಮಾರನೆಯ ದಿನ ಬಂದ ಟೆಕ್ನಿಷಿಯನ್ ಮದರ್‌ಬೋರ್ಡು ಹೋಗಿದೆ ಎಂದು ಹೇಳಿ, ಬ್ಯಾಗಿನಿಂದ ಹೊಸ ಡಬ್ಬವೊಂದನ್ನು ತೆಗೆದು ಬೆಳ್ಳಿಬಣ್ಣದ ಕವರನ್ನು ಹರಿದ. ಹೊಸ ಬೋರ್ಡಿಗೆ ಅದರದೇ ಒಂದು ವಾಸನೆಯಿದೆ. ಅಂಟು, ಬಿಸಿ ಪ್ಲಾಸ್ಟಿಕ್ಕು, ಎಲ್ಲೋ ಒಂದಿಷ್ಟು ಸೀಮೆಎಣ್ಣೆ ಬೆರೆತಂಥ ವಾಸನೆ. ಹಾಲಿನ ಹುಳಿ ವಾಸನೆ ಗೋಡೆಗೆಲ್ಲ ಹಿಡಿದಿರುವ ಆ ಕೋಣೆಯಲ್ಲಿ ಅದು ಬೇರೆಯಾಗಿಯೇ ಮೂಗಿಗೆ ತಾಕಿತು. ನೀವೇ ನೋಡಿಕೊಳ್ಳಿ ಎಂದು ಅವನಿಗೆ ಹೇಳಿ ನಾನು ಹೊರಗೆ ಬಂದು ಜಗಲಿಯ ಮೇಲೆ ಕೂತೆ. ಮೂರು ವರ್ಷದ ಹಿಂದಿನ ಮಳೆಗಾಲ ಪೂರ್ತಿಯಾಗಿ ಎದುರಿಗೆ ಬಂದು ನಿಂತಿತ್ತು.

ಆ ವರ್ಷ ನನ್ನ ತಮ್ಮ ಯೋಗೇಶನ ಎರಡು ಮೂತ್ರಪಿಂಡಗಳೂ ಕೆಲಸ ನಿಲ್ಲಿಸಿದ್ದವು. ನಾವೆಲ್ಲ ಅವನನ್ನು ಯೋಗಿ ಎನ್ನುತ್ತಿದ್ದೆವು. ನನಗಿಂತ ಎಂಟು ವರ್ಷಕ್ಕೆ ಚಿಕ್ಕವನು. ಮಳವಳ್ಳಿಯಲ್ಲಿ ಸಣ್ಣದೊಂದು ಫೋಟೋ ಸ್ಟುಡಿಯೋ ಇಟ್ಟುಕೊಂಡು, ಮದುವೆ, ನಾಮಕರಣ, ಬೀಗರೂಟ ಎಂದು ಸುತ್ತಿನ ಹಳ್ಳಿಗಳಿಗೆಲ್ಲ ಕ್ಯಾಮೆರಾ ಹೊತ್ತು ತಿರುಗುತ್ತಿದ್ದವನು. ಮುಖ ಊದಿಕೊಂಡಿದ್ದನ್ನು ನಿದ್ದೆಗೆಟ್ಟಿದ್ದು ಅಂದುಕೊಂಡೆವು, ಕಾಲು ಊದಿಕೊಂಡಿದ್ದನ್ನು ನಿಂತು ನಿಂತು ಆದದ್ದು ಅಂದುಕೊಂಡೆವು. ತಿಳಿಯುವ ಹೊತ್ತಿಗೆ ಡಯಾಲಿಸಿಸ್ ಬಿಟ್ಟು ಬೇರೆ ದಾರಿ ಉಳಿದಿರಲಿಲ್ಲ. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಮಂಡ್ಯದ ಆಸ್ಪತ್ರೆಗೆ ಹೋಗಬೇಕಾಯಿತು. ಅವನ ಹೆಂಡತಿ ಭಾಗ್ಯ ಮದ್ದೂರಿನ ಹತ್ತಿರ ಗಾರ್ಮೆಂಟ್ಸಿನಲ್ಲಿ ಹೊಲಿಗೆಗೆ ಹೋಗುತ್ತಿದ್ದಳು. ವಾರಕ್ಕೆ ಎರಡು ದಿನ ರಜೆ ಹಾಕಿದರೆ ಕೆಲಸ ಹೋಗುತ್ತಿತ್ತು. ಡೇರಿ ಸೆಕ್ರೆಟರಿಯಾದ ನನಗೆ ಬೆಳಗಿನ ಹಾಲು ಮುಗಿದ ಮೇಲೆ ಸಂಜೆಯ ಹಾಲಿನ ತನಕ ಬಿಡುವು. ಹಾಗಾಗಿ ನಾನೇ ಜೊತೆಗೆ ಹೋಗತೊಡಗಿದೆ.

ಮಳವಳ್ಳಿಯಲ್ಲಿ ಬಸ್ಸು ಹತ್ತಿ ಮದ್ದೂರಿನಲ್ಲಿ ಇಳಿದು, ಅಲ್ಲಿ ಮಂಡ್ಯದ ಬಸ್ಸಿಗೆ ಕಾಯುತ್ತಿದ್ದೆವು. ಮದ್ದೂರಿನಲ್ಲಿ ಎಲ್ಲಿ ನೋಡಿದರೂ ಎಳನೀರಿನ ರಾಶಿ. ಯೋಗಿಗೆ ಎಳನೀರು ವಿಷ. ಮಾಮೂಲಿ ನೀರನ್ನೂ ಅವನು ಅಳತೆ ಮಾಡಿ ಕುಡಿಯಬೇಕಿತ್ತು. ದಿನಕ್ಕೆ ಇಷ್ಟೇ ಎಂದು ಭಾಗ್ಯ ಒಂದು ಸಣ್ಣ ಬಾಟಲಿಯಲ್ಲಿ ತುಂಬಿಸಿ ಕೊಡುತ್ತಿದ್ದಳು. ಆಷಾಢದ ಗಾಳಿ ಧೂಳೆಬ್ಬಿಸುತ್ತಿದ್ದ ಬಸ್ ಸ್ಟ್ಯಾಂಡಿನಲ್ಲಿ ಅವನು ಎಳನೀರಿನ ಗಾಡಿಗಳಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದ. ನಾನೂ ಅವನ ಎದುರಿಗೆ ಏನನ್ನೂ ಕುಡಿಯುತ್ತಿರಲಿಲ್ಲ. ಅಷ್ಟು ಮಾಡಿದರೆ ಅಣ್ಣನ ಕೆಲಸ ಮಾಡಿದಂತಾಯಿತು ಎಂದು ಆಗ ನನಗೆ ಅನ್ನಿಸುತ್ತಿತ್ತು.

ಆಷಾಢದಲ್ಲೇ ಒಂದು ದಿನ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಮಾತಾಡಿದರು. ಎಷ್ಟು ದಿನ ಹೀಗೆ ಮಿಷಿನ್ನಿನ ಮೇಲೆ ನಡೆಸುತ್ತೀರಿ, ಮನೆಯವರು ಯಾರಾದರೂ ಒಂದು ಮೂತ್ರಪಿಂಡ ಕೊಟ್ಟರೆ ಮೈಸೂರಿನಲ್ಲಿ ಸರ್ಕಾರದ ಯೋಜನೆಯಲ್ಲೇ ಕಸಿ ಮಾಡುತ್ತಾರೆ ಎಂದರು. ಭಾಗ್ಯಳ ರಕ್ತದ ಗುಂಪು ಕೂಡಿಬರಲಿಲ್ಲ. ಅಪ್ಪ ಇರಲಿಲ್ಲ, ಅವ್ವ ಇರಲಿಲ್ಲ. ನನ್ನ ರಕ್ತ ತೆಗೆದುಕೊಂಡು ಹೋದರು. ಎರಡು ವಾರದ ಮೇಲೆ ಡಾಕ್ಟರು ನನ್ನ ಕಡೆ ತಿರುಗಿ, ನಿಮ್ಮದು ಚೆನ್ನಾಗಿ ಹೊಂದುತ್ತದೆ, ಮೈಸೂರಿನಲ್ಲಿ ಒಂದು ಸ್ಕ್ಯಾನು ಮತ್ತೆರಡು ಪರೀಕ್ಷೆ ಆದರೆ ತೀರ್ಮಾನ ಮಾಡಬಹುದು ಎಂದರು. ಯಾವಾಗ ಹೋಗುತ್ತೀರಿ ಎಂದು ಕೇಳಿದಾಗ, ಆಷಾಢ ಕಳೆಯಲಿ ಸಾರ್ ಅಂದೆ. ಯೋಗಿ ಕಿಟಕಿಯ ಹೊರಗೆ ನೋಡುತ್ತಿದ್ದ.

ನನಗೆ ಹೆದರಿಕೆ ಇತ್ತು. ಬೇರೆ ಯಾವ ಹೆಸರನ್ನೂ ಅದಕ್ಕೆ ಕೊಡಲಾರೆ. ನಾನು ಹದಿನಾಲ್ಕರವನಿದ್ದಾಗ ಅವ್ವ ಗರ್ಭಕೋಶದ ಆಪರೇಷನ್ನಿಗೆಂದು ಹೋದವಳು ಹಿಂತಿರುಗಲಿಲ್ಲ. ಹೊರಡುವ ದಿನ ನಗುತ್ತಲೇ ಬಸ್ಸು ಹತ್ತಿದ್ದಳು. ಆರು ವರ್ಷದ ಯೋಗಿಗೆ ಸ್ನಾನ ಮಾಡಿಸಿ, ಮುದ್ದೆ ನುಂಗಲು ಕಲಿಸಿ, ಶಾಲೆಗೆ ಬಿಟ್ಟು ಬಂದವನು ನಾನೇ. ಅವನಿಗಾಗಿ ಏನು ಬೇಕಾದರೂ ಮಾಡುತ್ತೇನೆ ಎಂದು ಎಷ್ಟೋ ಸಲ ಹೇಳಿದ್ದೆ, ಅದು ಸುಳ್ಳಾಗಿರಲಿಲ್ಲ. ಆದರೆ ಆಪರೇಷನ್ ಎಂಬ ಮಾತು ಕಿವಿಗೆ ಬಿದ್ದರೆ ಅವ್ವ ಹತ್ತಿದ ಆ ಬಸ್ಸೇ ಕಣ್ಣೆದುರು ಬರುತ್ತಿತ್ತು.

ಮನೆಗೆ ಬಂದು ನನ್ನ ಹೆಂಡತಿ ಸವಿತಳಿಗೆ ಹೇಳಿದೆ. ಅವಳು ಬೇಡ ಎನ್ನುತ್ತಾಳೆ, ಅತ್ತು ಕರೆದು ತಡೆಯುತ್ತಾಳೆ, ಆಗ ಅದನ್ನೇ ಹಿಡಿದುಕೊಳ್ಳಬಹುದು ಎಂಬ ಆಸೆ ಒಳಗೊಳಗೇ ಇತ್ತು.

“ನಿಮ್ ಮೈ, ನೀವೇ ಯೋಚ್ನೆ ಮಾಡಿ. ನಾನು ಬ್ಯಾಡ ಅನ್ನಕಿಲ್ಲ. ಕೊಡಿ ಅಂತ್ಲೂ ಅನ್ನಕಿಲ್ಲ” ಅಂದಳು.

ತೀರ್ಮಾನ ನನ್ನ ಒಬ್ಬನ ಮೇಲೆಯೇ ಉಳಿಯಿತು.

ಅದೇ ವಾರ ಯೋಗಿ ತನ್ನ ಕ್ಯಾಮೆರಾ ಮಾರಿದ. ಇನ್ನು ಮದುವೆ ಮನೆಗಳಲ್ಲಿ ದಿನಗಟ್ಟಲೆ ನಿಲ್ಲಲು ಆಗುವುದಿಲ್ಲ ಎಂದು ಅವನಿಗೆ ತಿಳಿದಿತ್ತು. ಆ ದುಡ್ಡಿನಲ್ಲಿ ಮನೆಯಲ್ಲೇ ಒಂದು ಕಂಪ್ಯೂಟರು ಜೋಡಿಸಿ, ಬೇರೆ ಸ್ಟುಡಿಯೋದವರಿಗೆ ಮದುವೆ ಆಲ್ಬಂ ಮಾಡಿಕೊಡುವ ಯೋಚನೆ ಹೇಳಿದ. ಸ್ಟುಡಿಯೋದಲ್ಲಿದ್ದ ಹಳೆಯದು ಒಂದು ಫೋಟೋ ತೆರೆಯಲು ಕಾಫಿ ಕುಡಿದು ಮುಗಿಸುವಷ್ಟು ಹೊತ್ತು ತೆಗೆದುಕೊಳ್ಳುತ್ತಿತ್ತು. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವುದನ್ನು ತಂದುಬಿಡೋಣ ಎಂದೆ. ಅವನು ಒಪ್ಪಲಿಲ್ಲ. ಸಿದ್ಧವಾದದ್ದರಲ್ಲಿ ಹೊರಗೆ ಕಾಣುವುದನ್ನು ಮಾತ್ರ ಚೆನ್ನಾಗಿ ಹಾಕಿರುತ್ತಾರೆ, ಒಳಗೆ ಏನಿದೆಯೋ ಯಾರಿಗೆ ಗೊತ್ತು, ಒಂದೊಂದನ್ನೂ ನಾನೇ ಆರಿಸುತ್ತೇನೆ ಎಂದ.

ಹೀಗೆ ಶುರುವಾಯಿತು. ಡಯಾಲಿಸಿಸ್ ಹಾಸಿಗೆಯ ಮೇಲೆ ನಾಲ್ಕು ಗಂಟೆ ಅಲುಗಾಡದೆ ಮಲಗಬೇಕು. ಎಡಗೈಗೆ ಎರಡು ದಪ್ಪ ಸೂಜಿ, ರಕ್ತ ಒಂದು ನಳಿಕೆಯಲ್ಲಿ ಹೋಗಿ ಇನ್ನೊಂದರಲ್ಲಿ ಬರುತ್ತದೆ. ಅವನು ಬಲಗೈಯಲ್ಲಿ ಫೋನು ಹಿಡಿದು ಬೆಲೆ ನೋಡುತ್ತ ಹೇಳುತ್ತಿದ್ದ, ನಾನು ಪಕ್ಕದ ಸ್ಟೂಲಿನ ಮೇಲೆ ಕೂತು ಡೇರಿಯ ಹಳೇ ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಪ್ರೊಸೆಸರು ಯಾವುದು, ಅದು ಯಾವ ಬೋರ್ಡಿನಲ್ಲಿ ಕೂರುತ್ತದೆ, ಆ ಬೋರ್ಡಿಗೆ ಯಾವ ರ‍್ಯಾಮು. ಒಂದು ಬದಲಾದರೆ ಮೂರು ಬದಲಾಗುತ್ತಿದ್ದವು. ಗ್ರಾಫಿಕ್ಸ್ ಕಾರ್ಡು ನಮ್ಮ ಅಳತೆಗೆ ಮೀರಿದ್ದು, ಅದನ್ನು ಮೊದಲ ದಿನವೇ ಹೊಡೆದುಹಾಕಿ, ಚಿತ್ರ ತೋರಿಸುವ ಶಕ್ತಿ ತನ್ನೊಳಗೇ ಇರುವ ಪ್ರೊಸೆಸರನ್ನು ಆರಿಸಿದ. ಕ್ಯಾಬಿನೆಟ್ಟು ಎಲ್ಲಕ್ಕಿಂತ ಅಗ್ಗದ್ದು ಸಾಕು, ಅದು ಬರೀ ತಗಡಿನ ಡಬ್ಬ ಎಂದ. ಕರೆಂಟನ್ನು ಹಂಚುವ ಪವರ್ ಸಪ್ಲೈ ಪೆಟ್ಟಿಗೆಯ ವಿಷಯಕ್ಕೆ ಬಂದಾಗ ಮಾತ್ರ, ಅಗ್ಗದ್ದೊಂದನ್ನು ನಾನು ತೋರಿಸಿದ್ದಕ್ಕೆ ತಲೆಯಾಡಿಸಿದ.

“ಇದ್ರಲ್ಲಿ ಕಂಜೂಸ್ತನ ಬ್ಯಾಡ ಕಣಣ್ಣ. ಮಿಕ್ಕಿದ್ದೆಲ್ಲಾ ಇದುನ್ನೇ ನಂಬ್ಕಂಡಿರದು. ನಮ್ ಮಳವಳ್ಳಿ ಕರೆಂಟು ಯಂಗಿರ್ತದೆ ನಿಂಗೊತ್ತಲ್ಲ.”

ವೇಗಕ್ಕಿಂತ ಮೊದಲು ಅವನು ವಾರಂಟಿ ಎಷ್ಟು ವರ್ಷ ಎಂದು ನೋಡುತ್ತಿದ್ದ. ಮೂರು ವರ್ಷದ್ದನ್ನು ಬಿಟ್ಟು ಐದು ವರ್ಷದ್ದು, ಐದನ್ನು ಬಿಟ್ಟು ಏಳು ವರ್ಷದ್ದು. ಅದು ಅವನ ಜಾಗರೂಕತೆ ಎಂದುಕೊಂಡೆ.

ಆ ನಾಲ್ಕು ತಿಂಗಳು ನಾವಿಬ್ಬರೂ ಆಡಿದಷ್ಟು ಮಾತನ್ನು ಅದಕ್ಕೆ ಮೊದಲು ಹತ್ತು ವರ್ಷದಲ್ಲಿ ಆಡಿರಲಿಲ್ಲ. ಎಲ್ಲವೂ ಕಂಪ್ಯೂಟರಿನ ಮಾತೇ. ಬಸ್ಸಿನಲ್ಲಿ ಅದೇ, ಆಸ್ಪತ್ರೆಯಲ್ಲಿ ಅದೇ, ವಾಪಸ್ಸು ಬರುವಾಗ ಸುಸ್ತಾಗಿ ನನ್ನ ಹೆಗಲಿಗೆ ತಲೆಯಿಟ್ಟು ಕಣ್ಣು ಮುಚ್ಚಿದಾಗಲೂ ಅದೇ. ಮಾತು ನಿಂತರೆ ಇನ್ನೊಂದು ಮಾತು ಬಂದೀತು ಎಂದು ನಾನೇ ಏನಾದರೂ ಕೇಳುತ್ತಿದ್ದೆ. ಎಂಟೆಂಟು ಜೀಬಿಯ ಎರಡು ರ‍್ಯಾಮು ಯಾಕೆ, ಹದಿನಾರರ ಒಂದೇ ಹಾಕಿದರೆ ಆಗದೇ? ಗೊತ್ತಿದ್ದುದನ್ನೇ ಮತ್ತೆ ಕೇಳಿದರೂ ಅವನು ಬೇಸರಿಸದೆ ಮತ್ತೆ ಹೇಳುತ್ತಿದ್ದ. ನನ್ನ ಪರೀಕ್ಷೆಯ ವಿಷಯವನ್ನು ಮಾತ್ರ ಅವನು ಒಂದು ಸಲವೂ ಎತ್ತಲಿಲ್ಲ.

ಆಷಾಢ ಕಳೆಯಿತು. ಶ್ರಾವಣದಲ್ಲಿ ಡೇರಿಯ ಆಡಿಟ್ಟು ಬಂತು. ಅದು ಮುಗಿಯುವಷ್ಟರಲ್ಲಿ ಗೌರಿಹಬ್ಬ, ಅದರ ಹಿಂದೆ ಪಿತೃಪಕ್ಷ. ಪಿತೃಪಕ್ಷದಲ್ಲಿ ಇಂಥದ್ದಕ್ಕೆಲ್ಲ ಕೈ ಹಾಕಬಾರದು ಎಂದು ನಾನೇ ಡಾಕ್ಟರಿಗೆ ಹೇಳಿದೆ. ಅವರು ಫೈಲು ಮುಚ್ಚಿದರು. ಆ ಹೊತ್ತಿಗೆ ಮಳೆ ಹಿಡಿದಿತ್ತು. ಆ ವರ್ಷ ಭಾದ್ರಪದದಲ್ಲಿ ಶುರುವಾದದ್ದು ಬಿಡುವೇ ಕೊಡಲಿಲ್ಲ. ಗದ್ದೆಗಳ ಬದು ಒಡೆದು, ರಸ್ತೆಯ ಎರಡೂ ಕಡೆ ಕಬ್ಬು ಮಲಗಿ, ಬಸ್ಸಿನೊಳಗೆ ಒದ್ದೆ ಬಟ್ಟೆಯ ವಾಸನೆ. ಯೋಗಿ ಟವೆಲ್ಲು ಹೊದ್ದು ಕಿಟಕಿಯ ಪಕ್ಕ ಕೂತು, ಗಾಜಿನ ಮೇಲೆ ಇಳಿಯುವ ನೀರನ್ನು ನೋಡುತ್ತಿದ್ದ. ಒಮ್ಮೆ ಕಿಟಕಿ ಒಂದಿಷ್ಟು ಸರಿಸಿ ಅಂಗೈಯೊಡ್ಡಿ, ಒದ್ದೆಯಾದ ಬೆರಳುಗಳನ್ನು ತುಟಿಗೆ ಒತ್ತಿಕೊಂಡ. ನಾನು ನೋಡಿದ್ದು ಅವನಿಗೆ ತಿಳಿಯಲಿಲ್ಲ.

ಮಂಡ್ಯದಲ್ಲಿ ಡಯಾಲಿಸಿಸ್ ಮುಗಿದ ಮೇಲೆ, ಮೈಯಲ್ಲಿ ಶಕ್ತಿಯಿದ್ದ ದಿನ, ನೂರುಲ್ಲಾ ಎಂಬವರ ಅಂಗಡಿಗೆ ಹೋಗಿ ಒಂದೊಂದೇ ಸಾಮಾನು ತರುತ್ತಿದ್ದೆವು. ಎರಡು ಆಳು ನಿಂತರೆ ತುಂಬುವಷ್ಟು ಅಂಗಡಿ. ನೂರುಲ್ಲಾ ಅವರಿಗೆ ಯೋಗಿಯ ಕಾಯಿಲೆ ಗೊತ್ತಿತ್ತು. ಅವನು ಬಂದೊಡನೆ ತಮ್ಮ ಕುರ್ಚಿ ಬಿಟ್ಟುಕೊಟ್ಟು ತಾವು ನಿಂತುಕೊಳ್ಳುತ್ತಿದ್ದರು. ಬೋರ್ಡು ಕೊಳ್ಳುವ ದಿನ ಅವರು ನಮ್ಮ ಖರ್ಚು ಉಳಿಸೋಣವೆಂದು ಕಪಾಟಿನಿಂದ ಒಂದು ಬಳಸಿದ ಬೋರ್ಡನ್ನು ತೆಗೆದು ಮೇಜಿನ ಮೇಲಿಟ್ಟರು. ಅರ್ಧ ಬೆಲೆ, ಓಡುವ ಮಿಷಿನ್ನಿನಿಂದ ಬಿಚ್ಚಿದ್ದು, ಗ್ಯಾರಂಟಿ ನನ್ನದು ಎಂದರು. ಯೋಗಿ ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ.

“ಚೆನ್ನಾಗಿ ಓಡ್ತಿದ್ದ ಮಿಷಿನ್ನಿಂದ ತಗದ್ರಾ? ಆ ಮಿಷಿನ್ನು ಏನಾಯ್ತು ಆಮ್ಯಾಕೆ?”

ಮಾಲೀಕರು ಊರು ಬಿಟ್ಟರು, ಬಿಡಿಬಿಡಿಯಾಗಿ ಮಾರಿಬಿಟ್ಟರು ಎಂದು ನೂರುಲ್ಲಾ ಹೇಳಿದರು. ಯೋಗಿ ಅದನ್ನು ಮೆತ್ತಗೆ ಮೇಜಿನ ಮೇಲಿಟ್ಟು, ಹೊಸದೇ ಕೊಡಿ ಎಂದ. ಅವನು ನನ್ನ ಕಡೆ ನೋಡಲಿಲ್ಲ. ಅವನ ಮನಸ್ಸಿನಲ್ಲಿ ಬೋರ್ಡು ಬಿಟ್ಟು ಬೇರೇನೂ ಇರಲಿಲ್ಲವೇನೋ. ನಾನು ಮಾತ್ರ ಬಾಗಿಲಿಗೆ ಬಂದು ಮಳೆ ನೋಡುತ್ತ ನಿಂತೆ.

ದಸರೆಯ ಹೊತ್ತಿಗೆ ಅವನ ಮೈ ಇಳಿದುಹೋಯಿತು. ಮೆಟ್ಟಿಲು ಹತ್ತಿದರೆ ಏದುಸಿರು. ಡಾಕ್ಟರು ಈ ಸಲ ನನ್ನನ್ನು ಒಬ್ಬನನ್ನೇ ಕರೆದು, ಹೃದಯದ ಮೇಲೂ ಭಾರ ಬೀಳುತ್ತಿದೆ, ತಡವಾದಷ್ಟೂ ಕಸಿ ಮಾಡುವುದು ಕಷ್ಟವಾಗುತ್ತದೆ ಎಂದರು. ದೀಪಾವಳಿ ಕಳೆದ ಮೇಲಿನ ಮೊದಲ ಸೋಮವಾರ ಹೋಗುತ್ತೇನೆ ಎಂದು ಮಾತು ಕೊಟ್ಟೆ. ಆ ದಿನ ನಿಜಕ್ಕೂ ಹೋಗಬೇಕೆಂದೇ ಇದ್ದೆ ಎಂದು ನನಗೆ ನಾನೇ ಈಗಲೂ ಹೇಳಿಕೊಳ್ಳುತ್ತೇನೆ.

ದೀಪಾವಳಿ ಮುಗಿದೊಡನೆ ಬಂದ ಭಾನುವಾರ ಕಂಪ್ಯೂಟರು ಜೋಡಿಸಿದೆವು. ಹೊರಗೆ ಸೋನೆ ಹಿಡಿದಿತ್ತು. ಮಳವಳ್ಳಿಯ ಅವನ ಬಾಡಿಗೆ ಮನೆಯ ನಡುಮನೆಯಲ್ಲಿ ಚಾಪೆ ಹಾಸಿ, ಅಷ್ಟೂ ಡಬ್ಬಗಳನ್ನು ಸಾಲಾಗಿ ಇಟ್ಟುಕೊಂಡೆವು. ಭಾಗ್ಯ ಬಾಗಿಲ ಹತ್ತಿರ ಕೂತು ಒಂದೊಂದನ್ನೂ ನೋಡುತ್ತಿದ್ದಳು. ಡಯಾಲಿಸಿಸ್ ಸೂಜಿ ಚುಚ್ಚುವ ಎಡಗೈಗೆ ಭಾರ ಬೀಳಬಾರದು, ಬಲಗೈ ನಡುಗುತ್ತಿತ್ತು. ಹಾಗಾಗಿ ಅವನು ದಿಂಬಿಗೆ ಒರಗಿ ಹೇಳಿದ, ನಾನು ಮಾಡಿದೆ. ಹಾಲಿನ ಕ್ಯಾನು ಎತ್ತಿ ಒರಟಾದ ಬೆರಳು ನನ್ನವು. ಪ್ರೊಸೆಸರನ್ನು ಹಿಡಿದಾಗ ಎಲ್ಲಿ ಮುರಿದುಬಿಡುತ್ತೇನೋ ಎನ್ನಿಸಿತು. ಮೂಲೆಯಲ್ಲಿರುವ ಚಿನ್ನದ ಬಣ್ಣದ ಗುರುತನ್ನು ಬೋರ್ಡಿನ ಗುರುತಿಗೆ ಕೂಡಿಸಿ ಸುಮ್ಮನೆ ಬಿಡು, ತಾನಾಗಿಯೇ ಕೂರಬೇಕು, ಒತ್ತಬೇಡ ಎಂದ. ಕೂತಿತು. ರ‍್ಯಾಮನ್ನು ಮಾತ್ರ ಕಟಕ್ ಎನ್ನುವ ತನಕ ಒತ್ತು ಎಂದ. ಒತ್ತಿದೆ.

ಎಲ್ಲ ಮುಗಿಸಿ ಸ್ವಿಚ್ಚು ಹಾಕಿದಾಗ ಫ್ಯಾನು ತಿರುಗಿತು, ಪರದೆಯ ಮೇಲೆ ಏನೂ ಬರಲಿಲ್ಲ. ಸ್ವಿಚ್ಚು ಆರಿಸಿ ಮತ್ತೆ ಹಾಕಿದೆ. ಯೋಗಿ ನಕ್ಕ. ಆ ಮಳೆಗಾಲದಲ್ಲಿ ಅವನು ನಕ್ಕದ್ದು ಅದೊಂದೇ ನೆನಪಿರುವುದು. ಬೋರ್ಡಿನ ಮೇಲ್ಮೂಲೆಯ ಸಣ್ಣ ವೈರನ್ನು ಮರೆತಿದ್ದೆ. ಅದನ್ನು ಸಿಕ್ಕಿಸಿದ ಮೇಲೆ ಬಿಳಿ ಅಕ್ಷರಗಳು ಮೂಡಿದವು. ಭಾಗ್ಯ ಎದ್ದು ಪರದೆಗೆ ಕುಂಕುಮ ಇಟ್ಟು, ಕಾಫಿ ಮಾಡಲು ಒಳಗೆ ಹೋದಳು.

ಆಗ ಯೋಗಿ ಪರದೆಯನ್ನೇ ನೋಡುತ್ತ ಮೆಲ್ಲಗೆ ಹೇಳಿದ:

“ಅಣ್ಣ, ನಾಳೆ ಮೈಸೂರ್ಗೆ ಓಗ್ಬ್ಯಾಡ. ಡಾಕ್ಟ್ರುಗೆ ನಾನೇ ಏಳ್ಬುಟ್ಟೆ. ನಮ್ಮಣ್ಣಂಗೆ ಬೀಪಿ ಅದೆ, ಅವನ್ ಕೈಲಾಗಕಿಲ್ಲ ಅಂದೆ.”

ನನಗೆ ಬೀಪಿ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು. ನನಗ್ಯಾವ ಬೀಪಿಯೋ, ಸುಮ್ಮನಿರು, ನಾಳೆ ಹೋಗೇ ಹೋಗುತ್ತೇನೆ ಎಂದು ನಾನು ಹೇಳಬೇಕಿತ್ತು. ಎರಡು ಮಾತು. ಬಾಯಿ ತೆರೆದರೆ ಬರುತ್ತಿದ್ದವು.

“ಊಂ” ಅಂದೆ.

“ಅವ್ವ ಓದಾಗ ನೀನು ಎಷ್ಟು ಅತ್ತಿದ್ದೆ ಅಂತ ನಂಗೆ ಗ್ಯಾನ ಅದೆ ಕಣಣ್ಣ” ಎಂದ. ಆಮೇಲೆ, ಭಾಗ್ಯ ಕಾಫಿ ತರುವುದರೊಳಗೆ, ಮೌಸನ್ನು ಕೈಗೆ ತೆಗೆದುಕೊಂಡು ಬೇರೆ ಮಾತಿಗೆ ಹೋದ.

ಅವತ್ತು ಸಂಜೆ ಡೇರಿಯಲ್ಲಿ ಹಾಲು ಅಳೆಯುವಾಗ ನನ್ನ ಮೈ ಹಗುರವಾಗಿತ್ತು. ಹಾಲು ತಂದವರ ಜೊತೆ ಎಂದಿಗಿಂತ ಹೆಚ್ಚು ಮಾತಾಡಿದೆ. ಮನೆಗೆ ಬಂದು ಎರಡು ಮುದ್ದೆ ಉಂಡೆ. ತಿಂಗಳುಗಟ್ಟಲೆ ಒಂದು ಮುದ್ದೆ ಒಳಗೆ ಹೋಗಲು ಕಷ್ಟಪಡುತ್ತಿದ್ದವನು ಕೇಳಿ ಹಾಕಿಸಿಕೊಂಡು ಉಂಡೆ. ಸವಿತ ಬಡಿಸುತ್ತ ನನ್ನ ಮುಖ ನೋಡಿದಳು. ತಮ್ಮನ ಸಾವಿಗಿಂತ ಆ ಊಟವೇ ನನಗೆ ಹೆಚ್ಚು ನೆನಪಾಗುತ್ತದೆ.

ಆ ಭಾನುವಾರದಿಂದ ಹದಿನೇಳನೆಯ ದಿನ, ಮಂಗಳವಾರ, ಅವನಿಗೆ ಬಸ್ಸಿನಲ್ಲೇ ಚಳಿಜ್ವರ ಬಂತು. ರಕ್ತಕ್ಕೆ ನಂಜು ಏರಿತ್ತು. ಮಂಡ್ಯದಿಂದ ಮೈಸೂರಿಗೆ ಕಳಿಸಿದರು. ನಾನು ಹೋಗದೆ ತಪ್ಪಿಸಿಕೊಂಡಿದ್ದ ಅದೇ ಮೈಸೂರಿಗೆ ಅವನ ಜೊತೆ ಆಂಬುಲೆನ್ಸಿನಲ್ಲಿ ಹೋದೆ. ನಾಲ್ಕು ದಿನ ಇದ್ದ. ಕೊನೆಯ ದಿನ ನೀರು ಕೇಳಿದ. ಎಷ್ಟು ಬೇಕಾದರೂ ಕೊಡಿ ಎಂದು ನರ್ಸಮ್ಮ ಹೇಳಿದಾಗ ನನಗೆ ಅರ್ಥವಾಯಿತು. ಚಮಚದಲ್ಲಿ ಕುಡಿಸಿದೆ. ಅವನಿಗೆ ಎರಡು ಚಮಚಕ್ಕಿಂತ ಹೆಚ್ಚು ಸೇರಲಿಲ್ಲ.

ತಿಥಿ ಕಳೆದು ತಿಂಗಳಾದ ಮೇಲೆ ಮಳವಳ್ಳಿಗೆ ಹೋದಾಗ ಭಾಗ್ಯ ಕಂಪ್ಯೂಟರಿನ ಮುಂದೆ ಕೂತಿದ್ದಳು. ಗಾರ್ಮೆಂಟ್ಸು ಬಿಟ್ಟಿದ್ದಳು. ಪರದೆಯ ಮೇಲೆ ಯಾರದೋ ಮದುವೆಯ ಫೋಟೋಗಳು. ನಾನು ಬೆರಗಾಗಿ ನೋಡಿದ್ದಕ್ಕೆ, ಬೇಸಿಗೆಯಿಂದಲೇ ಅವರು ಹಳೆಯ ಕಂಪ್ಯೂಟರಿನಲ್ಲಿ ದಿನಾ ಸಂಜೆ ಕಲಿಸುತ್ತಿದ್ದರು ಎಂದಳು. ಆಲ್ಬಂ ಕೊಡುವ ಸ್ಟುಡಿಯೋದವರನ್ನೂ ಅವನೇ ಮಾತಾಡಿಸಿ ಗೊತ್ತು ಮಾಡಿದ್ದ. ವಾರಂಟಿಯ ವರ್ಷಗಳನ್ನು ಅವನು ಯಾರಿಗಾಗಿ ಎಣಿಸುತ್ತಿದ್ದ ಎಂದು ಅಲ್ಲಿ ನಿಂತಾಗ ತಿಳಿಯಿತು. ಆ ಕಂಪ್ಯೂಟರನ್ನು ತನಗಾಗಿ ಅವನು ಒಂದು ದಿನವೂ ಆರಿಸಿರಲಿಲ್ಲ.

ಮಾಘದಲ್ಲಿ ನಾನು ಯಾರಿಗೂ ಹೇಳದೆ ಮೈಸೂರಿಗೆ ಹೋಗಿ, ಸೊಂಟ ನೋವು ಎಂದು ಸುಳ್ಳು ಹೇಳಿ ಸ್ಕ್ಯಾನು ಮಾಡಿಸಿಕೊಂಡೆ. ಏನಾದರೂ ಊನ ಸಿಗಲಿ ಎಂದು ಬೇಡಿಕೊಂಡೇ ಆ ಮೇಜಿನ ಮೇಲೆ ಮಲಗಿದೆ. ಎರಡೂ ಮೂತ್ರಪಿಂಡ ಚೆನ್ನಾಗಿವೆ, ನೋವು ಬೇರೆ ಯಾವುದೋ ಕಾರಣಕ್ಕಿರಬೇಕು ಎಂದು ರಿಪೋರ್ಟು ಕೊಟ್ಟರು.

ಅದನ್ನು ಹಿಡಿದುಕೊಂಡು ನೇರ ಭಾಗ್ಯಳ ಮನೆಗೆ ಹೋದೆ. ಎಲ್ಲ ಹೇಳಿದೆ. ಆಷಾಢ, ಆಡಿಟ್ಟು, ಪಿತೃಪಕ್ಷ, ಕೊನೆಗೆ ನಾನು ಅಂದ ಊಂ. ಅವಳು ಕೆಲಸ ನಿಲ್ಲಿಸಿ ಕೇಳಿಸಿಕೊಂಡಳು.

“ನಂಗೊತ್ತಿತ್ತು ಭಾವ. ನಿಮ್ಮುನ್ನ ಕೇಳ್ಬಾರ್ದು ಅಂತ ನನ್ ಕೈಲಿ ಆಣೆ ಆಕಿಸ್ಕಂಡಿದ್ರು. ಇಲ್ದಿದ್ರೆ ನಿಮ್ ಕಾಲಿಡ್ದು ಕೇಳ್ತಿದ್ದೆ.” ನನ್ನನ್ನು ನೇರವಾಗಿ ನೋಡಿದಳು. “ಕೇಳಿದ್ರೆ ಕೊಡ್ತಿದ್ರಾ?”

ಕೊಡುತ್ತಿದ್ದೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ಹೇಳಿದರೆ ಅವಳಿಗೆ ಆಣೆ ಮುರಿಯಬೇಕಿತ್ತು ಎಂಬ ಸಂಕಟ ಜೀವನಪೂರ್ತಿ. ಇಲ್ಲ ಎಂದರೆ ನನ್ನ ಮುಖವನ್ನು ಅವಳು ಮತ್ತೆ ನೋಡಬೇಕಾಗಿಲ್ಲ. ಯಾವುದು ನಿಜ ಎಂದು ಹುಡುಕಿದೆ. ಎರಡೂ ಸಿಗಲಿಲ್ಲ.

“ಗೊತ್ತಿಲ್ಲ ಕಣಮ್ಮ” ಅಂದೆ.

ಅವಳು ತಲೆಯಾಡಿಸಿದಳು. ಆಮೇಲೆ ಪರದೆಯ ಕಡೆ ತಿರುಗಿ, ನಾಳೆಗೆ ಕೊಡಬೇಕಾಗಿದ್ದ ಆಲ್ಬಮ್ಮಿನ ಕೆಲಸಕ್ಕೆ ಕೂತಳು. ನಾನು ರಿಪೋರ್ಟನ್ನು ಮಡಿಸಿ ಜೇಬಿಗಿಟ್ಟುಕೊಂಡು, ಅವಳು ಹೋಗಿ ಎನ್ನಲಿ ಎಂದೋ ಕೂತ್ಕೊಳ್ಳಿ ಎನ್ನಲಿ ಎಂದೋ ಕಾಯುತ್ತ, ಸಂಜೆಯ ಹಾಲಿನ ಹೊತ್ತು ಮೀರುವ ತನಕ ಅಲ್ಲೇ ನಿಂತಿದ್ದೆ.